ಕೀತ್ ಮೂನ್ ಕೂರುತ್ತಿದ್ದ ಜಾಗದಲ್ಲಿ



1973ರ ನವೆಂಬರ್ 20. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಡೇಲಿ ಸಿಟಿಯಲ್ಲಿ ಕೌ ಪ್ಯಾಲೇಸ್ ಎಂಬ ಭಾರಿ ಸಭಾಂಗಣ. ಇಂಗ್ಲೆಂಡಿನ ರಾಕ್ ತಂಡ ‘ದಿ ಹೂ’ ಅಲ್ಲಿ ಹಾಡುತ್ತಿದೆ. ಕಾರ್ಯಕ್ರಮದ ನಡುವೆ ಡ್ರಮ್ಮರ್ ಕೀತ್ ಮೂನ್ ಕೂತಲ್ಲೇ ಕುಸಿದ. ಅವತ್ತು ಅವನ ಹೊಟ್ಟೆಗೆ ಏನೇನು ಹೋಗಿತ್ತೋ, ಅದು ಬೇರೆಯೇ ಕಥೆ. ಒಳಗೆ ಹೊತ್ತೊಯ್ದು ಎಚ್ಚರಿಸಿ ಮತ್ತೆ ತಂದು ಕೂರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬಿದ್ದ. ಆಗ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮೈಕಿನ ಮುಂದೆ ಬಂದು, ಸಭೆಯಲ್ಲಿ ಡ್ರಮ್ ಬಾರಿಸಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದ. ಸ್ಕಾಟ್ ಹಾಲ್ಪಿನ್ ಎಂಬ 19 ವರ್ಷದ ಹುಡುಗ ವೇದಿಕೆ ಹತ್ತಿದ. ಮೂರು ಹಾಡು ನುಡಿಸಿದ. ಮೊದಲ ಎರಡು ಹಳೆಯ ಬ್ಲೂಸ್ ಹಾಡುಗಳು. ಸ್ವಲ್ಪ ಅಭ್ಯಾಸ ಇರುವ ಯಾವ ಡ್ರಮ್ಮರ್ ಆದರೂ ಹಿಡಿದುಕೊಳ್ಳಬಹುದಾದಂಥವು. ಮೂರನೆಯದು ತಂಡದ್ದೇ ಹಾಡು, ‘ನೇಕೆಡ್ ಐ’. ಹುಡುಗ ಹೇಗೋ ದಡ ಮುಟ್ಟಿದ. ಕೊನೆಗೆ ಉಳಿದವರ ಜೊತೆ ಸಾಲಾಗಿ ನಿಂತು ಸಭೆಗೆ ತಲೆಬಾಗಿದ.

ಮೂನ್‌ನ ಜಾಗದಲ್ಲಿ ಕೂತು ದಿ ಹೂ ತಂಡಕ್ಕೆ ನುಡಿಸಿದವರಲ್ಲಿ ಈ ಹುಡುಗನೂ ಒಬ್ಬ. ಐದು ವರ್ಷದ ನಂತರ ಅದೇ ಜಾಗ ನಿಜವಾಗಿಯೂ ಖಾಲಿಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಅಲ್ಲಿ ಕೂತವರು ಹಲವರು. ಅವರೆಲ್ಲ ನುಡಿಸಿದ್ದು ಹೆಚ್ಚುಕಡಿಮೆ ಅದೇ ಹಾಡುಗಳನ್ನು. ಆದರೆ ಕೇಳಿಸುವುದು ಒಂದೇ ಹಾಡಲ್ಲ. ಹಾಡಿನ ಸಾಲು ಅದೇ, ರಾಗ ಅದೇ, ಹಾಡುವ ಗಂಟಲೂ ಅದೇ. ತಾಳ ಹಿಡಿಯುವವನು ಬದಲಾದಾಗ ಒಳಗೆ ಏನು ಬದಲಾಗುತ್ತದೆ? ಇವತ್ತು ಇದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲು ತಂಡದ ಕಟ್ಟೋಣ ಹೇಗಿತ್ತು ಎಂಬುದು ತಿಳಿಯಬೇಕು. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಡ್ರಮ್ಸ್ ಮತ್ತು ಬೇಸ್ ಗಿಟಾರ್ ನೆಲ ಹಾಸುತ್ತವೆ, ಲೀಡ್ ಗಿಟಾರ್ ಅದರ ಮೇಲೆ ಕುಣಿಯುತ್ತದೆ. ದಿ ಹೂ ತಂಡದಲ್ಲಿ ಇದು ತಿರುವುಮುರುವು. ಟೌನ್‌ಶೆಂಡ್ ತೋಳನ್ನು ಗಾಳಿಯಂತ್ರದ ಹಾಗೆ ಸುತ್ತಿ ತಂತಿಗೆ ಹೊಡೆಯುತ್ತಿದ್ದುದು ನೋಡಲು ಸರ್ಕಸ್ಸಿನಂತೆ ಕಂಡರೂ, ಕೇಳಿದರೆ ಗೊತ್ತಾಗುತ್ತದೆ, ಕಾಲಪ್ರಮಾಣ ಇರುತ್ತಿದ್ದುದು ಅವನ ಬಲಗೈಯಲ್ಲಿ. ಕುಣಿಯುತ್ತಿದ್ದವರು ಉಳಿದಿಬ್ಬರು. ಬೇಸ್ ನುಡಿಸುತ್ತಿದ್ದ ಜಾನ್ ಎಂಟ್‌ವಿಸಲ್ ವೇದಿಕೆಯ ಮೇಲೆ ಕಂಬದ ಹಾಗೆ ನಿಂತಿರುತ್ತಿದ್ದ, ಆದರೆ ಬೆರಳುಗಳು ಮಾತ್ರ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. 1965ರ ‘ಮೈ ಜನರೇಷನ್’ ಹಾಡಿನ ನಡುವೆ ಬೇಸ್ ಗಿಟಾರಿಗೇ ಒಂದು ಸೋಲೋ ಬರುತ್ತದೆ. ಜನಪ್ರಿಯ ರಾಕ್ ಹಾಡೊಂದರಲ್ಲಿ ಆ ಕಾಲಕ್ಕೆ ಅದು ಯಾರೂ ನಿರೀಕ್ಷಿಸದ ಸಂಗತಿ. ಇನ್ನು ಮೂನ್. ಕಾಲಿನಿಂದ ಮಿಡಿಯುವ, ತಟತಟನೆ ಕಾಲ ಎಣಿಸುವ ಹೈಹ್ಯಾಟ್ ಎಂಬ ಜೋಡಿ ತಟ್ಟೆಯನ್ನು ಅವನು ಅಷ್ಟಾಗಿ ಮುಟ್ಟುತ್ತಲೇ ಇರಲಿಲ್ಲ. ಎಣಿಸುವುದು ಅವನ ಕೆಲಸ ಅಲ್ಲ. ಅವನ ಕಿವಿ ಇರುತ್ತಿದ್ದುದು ಹಾಡುಗಾರನ ಸಾಲಿನ ಮೇಲೆ. ರೋಜರ್ ಡಾಲ್ಟ್ರಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೂನ್ ಆ ಸಂದಿಗೆ ನುಗ್ಗಿ, ಸಾಲು ಹೇಳಿದ್ದನ್ನೇ ಚರ್ಮದ ಮೇಲೆ ಮತ್ತೊಮ್ಮೆ ಹೇಳಿಬಿಡುತ್ತಿದ್ದ. ವಿಚಿತ್ರ ಎಂದರೆ, ಇಂಥವನಿಗೆ ಡ್ರಮ್ ಸೋಲೋ ಎಂದರೆ ಆಗುತ್ತಿರಲಿಲ್ಲ. ಹಾಡು ನಡೆಯುತ್ತಿದ್ದರೇ ಅವನಿಗೆ ಕೈ ಓಡುತ್ತಿದ್ದುದು.

ನಮ್ಮ ಕರ್ನಾಟಕ ಸಂಗೀತದ ಕಛೇರಿಗೆ ಹೋಗುವವರಿಗೆ ಇಲ್ಲೊಂದು ಪ್ರಶ್ನೆ ಏಳಬಹುದು. ಅಲ್ಲಿ ಇವತ್ತು ಒಬ್ಬರ ಮೃದಂಗ, ನಾಳೆ ಇನ್ನೊಬ್ಬರದು; ಕೃತಿ ಕೆಟ್ಟಿತು ಎಂದು ಯಾರೂ ಗೋಳಾಡುವುದಿಲ್ಲ. ರಾಕ್ ಸಂಗೀತದಲ್ಲಿ ಮಾತ್ರ ಡ್ರಮ್ಮರ್ ಬದಲಾದರೆ ಅಭಿಮಾನಿಗಳು ಸೂತಕ ಹಿಡಿದವರಂತೆ ಆಡುವುದೇಕೆ? ಕಾರಣ ಧ್ವನಿಮುದ್ರಿಕೆ. ತ್ಯಾಗರಾಜರ ಕೃತಿ ಯಾವೊಬ್ಬ ಮೃದಂಗವಾದಕನ ಕೈಗೂ ಅಂಟಿಕೊಂಡು ಹುಟ್ಟಿದ್ದಲ್ಲ. ರಾಕ್ ಹಾಡು ಹಾಗಲ್ಲ, ಸ್ಟುಡಿಯೋದಲ್ಲಿ ಆ ದಿನ ಆ ಮನುಷ್ಯನ ಕೈ ಬಿದ್ದ ರೀತಿಯೇ ಹಾಡಿನ ಒಂದು ಭಾಗವಾಗಿ ಮುದ್ರೆಯಾಗಿಬಿಟ್ಟಿರುತ್ತದೆ. ಲಕ್ಷಗಟ್ಟಲೆ ಜನ ಅದನ್ನೇ ಸಾವಿರ ಸಲ ಕೇಳಿರುತ್ತಾರೆ. ಹೊಸಬ ಬಂದು ಒಂದು ಪೆಟ್ಟು ಹೆಚ್ಚುಕಡಿಮೆ ಮಾಡಿದರೂ ಕಿವಿಗೆ ಎಡವಿದಂತಾಗುತ್ತದೆ.

ಅಂದಹಾಗೆ, ಮೂನ್ ಕೂಡ ಬದಲಿಯಾಗಿಯೇ ಬಂದವನು. ತಂಡದಲ್ಲಿ ಅವನಿಗಿಂತ ಮೊದಲು ಡಗ್ ಸ್ಯಾಂಡಮ್ ಎಂಬ ಡ್ರಮ್ಮರ್ ಇದ್ದ. 1964ರಲ್ಲಿ ಮೂನ್ ಬಂದಾಗ, ಪರೀಕ್ಷೆಗೆಂದು ಕೂತ ಮೊದಲ ದಿನವೇ ಡ್ರಮ್ಮಿನ ಪೆಡಲ್ ಮುರಿದು ಹಾಕಿದ ಎಂಬ ಕಥೆಯಿದೆ. ಸ್ಯಾಂಡಮ್‌ನನ್ನು ಇವತ್ತು ಯಾರೂ ನೆನೆಯುವುದಿಲ್ಲ. ಹಾಡುಗಳು ಮುದ್ರಿಕೆಯಾಗಿ ಊರೂರಿಗೆ ಹೋಗುವ ಮೊದಲೇ ಅವನು ಹೋಗಿಬಿಟ್ಟಿದ್ದ, ಅಷ್ಟೇ.

1971ರ ‘ಹೂಸ್ ನೆಕ್ಸ್ಟ್’ ಧ್ವನಿಮುದ್ರಿಕೆಯಲ್ಲಿ ಒಂದು ಹೊಸ ತೊಡಕು ಹುಟ್ಟಿಕೊಂಡಿತು. ಅದರ ಮೊದಲ ಹಾಡು ‘ಬಾಬಾ ಓ’ರೈಲಿ’. ಆ ಬಾಬಾ ಯಾರೆಂದರೆ ನಮ್ಮ ಪಕ್ಕದ ಮಹಾರಾಷ್ಟ್ರದ ಮೆಹೆರಾಬಾದಿನ ಮೆಹೆರ್ ಬಾಬಾ. ಟೌನ್‌ಶೆಂಡ್ ಅವರ ಭಕ್ತ. ರೈಲಿ ಎಂದರೆ ಅಮೆರಿಕದ ಸಂಗೀತಗಾರ ಟೆರ್ರಿ ರೈಲಿ. ಈ ಹಾಡಿನ ಆರಂಭದಲ್ಲಿ ಬುಗ್ಗೆಯ ಹಾಗೆ ಚಿಮ್ಮುತ್ತಲೇ ಇರುವ ಸ್ವರಗಳ ಸರಪಣಿ ಬರುವುದು ಆರ್ಗನ್ ವಾದ್ಯದಿಂದ. ಕೊನೆಯ ಹಾಡು ‘ವೋಂಟ್ ಗೆಟ್ ಫೂಲ್ಡ್ ಅಗೇನ್’ನಲ್ಲಿ ಅದೇ ಆರ್ಗನ್ನಿನ ನಾದವನ್ನು ಸಿಂಥೆಸೈಸರ್ ಒಳಗೆ ಹಾಯಿಸಿ ಮಿಡಿಯುವಂತೆ ಮಾಡಿದ್ದಾರೆ. ಈ ಸರಪಣಿ ಟೇಪಿನಲ್ಲಿರುತ್ತದೆ. ಟೇಪು ಯಾರಿಗೂ ಕಾಯುವುದಿಲ್ಲ, ಯಾರ ಹುಮ್ಮಸ್ಸಿಗೂ ಓಡುವುದಿಲ್ಲ. ಕಾಲ ಎಣಿಸಲು ಒಲ್ಲದ ಮೂನ್, ಯಂತ್ರಕ್ಕೆ ಕಟ್ಟುಬಿದ್ದು ನುಡಿಸಬೇಕಾಯಿತು. ವೇದಿಕೆಯ ಮೇಲೆ ಹೆಡ್‌ಫೋನ್ ಜಾರದ ಹಾಗೆ ತಲೆಗೆ ಬಿಗಿಸಿಕೊಂಡು ಕೂರುತ್ತಿದ್ದ. ಆದರೂ ಕೇಳಿ ನೋಡಿ, ಯಂತ್ರದ ಗೆರೆ ಮೀರದೆ ಗೆರೆಯ ಒಳಗೇ ಹುಚ್ಚು ಕುಣಿದಿದ್ದಾನೆ. ಮೂನ್‌ಗೆ ಲಯಜ್ಞಾನ ಇರಲಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಈ ಒಂದು ಹಾಡು ಸಾಕು. ಎಂಟೂವರೆ ನಿಮಿಷದ ಈ ಹಾಡಿನ ಕೊನೆಯ ಭಾಗದಲ್ಲಿ ಎಲ್ಲರೂ ನಿಂತು, ಸಿಂಥೆಸೈಸರ್ ಒಂದೇ ಉಳಿಯುತ್ತದೆ. ಕತ್ತಲಲ್ಲಿ ಅದು ಮಿಡಿಯುತ್ತಾ ಮಿಡಿಯುತ್ತಾ ಹೋಗಿ, ಇದ್ದಕ್ಕಿದ್ದಂತೆ ಡ್ರಮ್ಮಿನ ಒಂದು ಗುಚ್ಛ ಬೀಳುತ್ತದೆ. ತುಸು ಬಿಟ್ಟು ಇನ್ನೊಂದು. ಅದರ ಬೆನ್ನಿಗೆ ಡಾಲ್ಟ್ರಿಯ ಪ್ರಖ್ಯಾತ ಚೀತ್ಕಾರ. ಆ ಪೆಟ್ಟುಗಳು ಇನ್ನು ಮೂನ್‌ನ ಮನೋಧರ್ಮವಾಗಿ ಉಳಿದಿಲ್ಲ. ಅವು ಹಾಡಿನ ಸಾಹಿತ್ಯವೇ ಆಗಿಹೋಗಿವೆ. ಮುಂದೆ ಯಾರು ಬಂದರೂ ಅಲ್ಲಿ ಜಾಣತನ ತೋರಿಸಲು ಹೋಗಲಿಲ್ಲ.

1978ರ ಹೊತ್ತಿಗೆ ಮೂನ್ ಸೋತಿದ್ದ. ‘ಹೂ ಆರ್ ಯು’ ಧ್ವನಿಮುದ್ರಿಕೆಯಲ್ಲಿ ‘ಮ್ಯೂಸಿಕ್ ಮಸ್ಟ್ ಚೇಂಜ್’ ಎಂಬ ಹಾಡಿದೆ, ಆರು ಎಣಿಕೆಯ ತೂಗುನಡೆ. ಆ ನಡೆ ಅವನ ಕೈಗೆ ಬರಲಿಲ್ಲ. ಕೊನೆಗೆ ಆ ಹಾಡಿನಲ್ಲಿ ಡ್ರಮ್ಮೇ ಇಲ್ಲ ಎನ್ನಬೇಕು. ತಾಳಕ್ಕೆ ಹೆಜ್ಜೆ ಸಪ್ಪಳವನ್ನು ಇಟ್ಟು, ಅಲ್ಲಲ್ಲಿ ಸಿಂಬಲ್ ಮಾತ್ರ ಉಳಿಸಿಕೊಂಡರು. ಆಗಸ್ಟಿನಲ್ಲಿ ಅದು ಹೊರಬಂತು. ಮೂರು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 7ರಂದು, ಕುಡಿತ ಬಿಡಿಸಲು ಕೊಟ್ಟಿದ್ದ ಮಾತ್ರೆಗಳನ್ನೇ ಅತಿಯಾಗಿ ನುಂಗಿ ಮೂನ್ ಸತ್ತ. ವಯಸ್ಸು 32.

ಅವನ ಜಾಗಕ್ಕೆ ಬಂದವನು ಕೆನ್ನಿ ಜೋನ್ಸ್. ‘ಸ್ಮಾಲ್ ಫೇಸಸ್’, ಆಮೇಲೆ ‘ಫೇಸಸ್’ ತಂಡಗಳಲ್ಲಿ ಹೆಸರು ಮಾಡಿದ್ದವನು, ಈ ಬಳಗಕ್ಕೆ ಹೊಸಬನೂ ಅಲ್ಲ. ದಿ ಹೂ ತಂಡದ ಹಾಡುಗಳ ಮೇಲೆ ಕಟ್ಟಿದ 1975ರ ‘ಟಾಮಿ’ ಚಿತ್ರದ ಸಂಗೀತಕ್ಕೆ ನುಡಿಸಿದ್ದ. 1979ರ ಮೇ 2ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಹೊಸ ತಂಡದ ಮೊದಲ ಕಾರ್ಯಕ್ರಮ ನಡೆಯಿತು. ಜೋನ್ಸ್ ಕೈ ಶುದ್ಧ. ಹೈಹ್ಯಾಟಿನಲ್ಲಿ ನಿಚ್ಚಳವಾಗಿ ಕಾಲ ಎಣಿಸುತ್ತಾನೆ, ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಸ್ನೇರ್ ಡ್ರಮ್ಮಿನ ಪೆಟ್ಟು ಗಡಿಯಾರದಂತೆ ಬೀಳುತ್ತದೆ. ಯಾವ ತಂಡಕ್ಕಾದರೂ ಇದು ವರವೇ. ಈ ತಂಡಕ್ಕೆ ಮಾತ್ರ ಅದರಿಂದ ಒಂದು ಪೇಚು ಬಂತು. ಕಾಲ ಹಿಡಿಯುವ ಕೆಲಸವನ್ನು ಈಗಾಗಲೇ ಗಿಟಾರು ಮಾಡುತ್ತಿತ್ತಲ್ಲ? ಈಗ ಇಬ್ಬರು ಕಾಲ ಹಿಡಿದರು, ಹಾಡುಗಾರನ ಜೊತೆ ಜಗಳ ಆಡುವವನು ಇಲ್ಲವಾದ. 1971ರ ಹಾಡುಗಳನ್ನು ಜೋನ್ಸ್ ನುಡಿಸಿದ್ದನ್ನು ಕೇಳಿದರೆ ಒಂದು ಪೆಟ್ಟೂ ತಪ್ಪಿಲ್ಲ. ಆದರೆ ಡಾಲ್ಟ್ರಿ ಸಾಲು ಮುಗಿಸಿ ನಿಂತಾಗ ಆ ಸಂದಿ ಹಾಗೇ ಖಾಲಿ ಬಿದ್ದಿರುತ್ತದೆ. ಡಾಲ್ಟ್ರಿಗೆ ಇದು ಒಗ್ಗಲಿಲ್ಲ. ಒಗ್ಗಲಿಲ್ಲ ಎಂಬುದನ್ನು ಅವನು ಮುಚ್ಚಿಡಲೂ ಇಲ್ಲ.

ಅಭಿಮಾನಿಗಳು ಜೋನ್ಸ್‌ನನ್ನು ಇವತ್ತಿಗೂ ಕ್ಷಮಿಸಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಹಳೆಯ ಹಾಡುಗಳ ತಕ್ಕಡಿಯಲ್ಲೇ ಅವನನ್ನು ತೂಗಿದರು. 1982ರ ‘ಇಟ್ಸ್ ಹಾರ್ಡ್’ ಧ್ವನಿಮುದ್ರಿಕೆಯಲ್ಲಿ ‘ಎಮಿನೆನ್ಸ್ ಫ್ರಂಟ್’ ಎಂಬ ಹಾಡಿದೆ. ಹಾಡು ಶುರುವಾಗಲು ಅವಸರವಿಲ್ಲ. ಕೀಬೋರ್ಡಿನ ಸರಪಣಿ ಸುತ್ತುತ್ತಿರುತ್ತದೆ, ಗಿಟಾರು ಆಗೊಮ್ಮೆ ಈಗೊಮ್ಮೆ ಗೀಚುತ್ತದೆ, ತಳದಲ್ಲಿ ಜೋನ್ಸ್‌ನ ಪೆಟ್ಟು ಏರದೆ ಇಳಿಯದೆ, ಏನೂ ಹೇಳದೆ ನಡೆಯುತ್ತಲೇ ಇರುತ್ತದೆ. ಆ ತಣ್ಣಗಿನ ನಡೆಯಲ್ಲೇ ಹಾಡಿನ ಬೆದರಿಕೆ ಇರುವುದು. ಮೂನ್ ಇದ್ದಿದ್ದರೆ ಎರಡನೆಯ ಆವರ್ತಕ್ಕೇ ಅದನ್ನು ಚಿಂದಿ ಮಾಡುತ್ತಿದ್ದ. ತಮಾಷೆ ನೋಡಿ, ಹಳೆಯ ಹಾಡುಗಳ ಜೊತೆ ತಂಡ ಆಮೇಲೂ ವೇದಿಕೆಗೆ ತರುತ್ತಿದ್ದ ಹಾಡುಗಳಲ್ಲಿ ಇದೂ ಒಂದು. ಅಲ್ಲಿ ಜೋನ್ಸ್ ಮೂಲ, ಆಮೇಲೆ ಬಂದವರು ಬದಲಿಗಳು. ಅವರೂ ಜೋನ್ಸ್ ಹಾಕಿದ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟರು.

1989ರ 25ನೆಯ ವರ್ಷದ ಪ್ರವಾಸಕ್ಕೆ ಸೈಮನ್ ಫಿಲಿಪ್ಸ್ ಬಂದ. ಅಪಾರ ತಯಾರಿಯ ವಾದಕ. ಆದರೆ ಆ ಪ್ರವಾಸದಲ್ಲಿ ತುತ್ತೂರಿಯವರು, ಹಿಮ್ಮೇಳದ ಹಾಡುಗಾರರು, ಇನ್ನೊಬ್ಬ ಗಿಟಾರಿನವನು ಎಂದು ವೇದಿಕೆ ತುಂಬಾ ಜನ. ಟೌನ್‌ಶೆಂಡ್ ಕಿವಿಯ ತೊಂದರೆಯಿಂದ ಬಹುಪಾಲು ಅಕೂಸ್ಟಿಕ್ ಗಿಟಾರಿಗೇ ಅಂಟಿಕೊಂಡಿದ್ದ. ಹಾಡುಗಳಿಗೆ ಮೆರುಗು ಬಂತು, ಅಪಾಯ ಹೋಯಿತು. ಹೆಚ್ಚು ಹೇಳುವುದಿಲ್ಲ.

1996ರ ಜೂನ್ 29ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ತಂಡದ ಹಳೆಯ ಧ್ವನಿಮುದ್ರಿಕೆ ‘ಕ್ವಾಡ್ರೊಫೀನಿಯಾ’ವನ್ನು ಮತ್ತೆ ರಂಗಕ್ಕೆ ತಂದಾಗ ಡ್ರಮ್ಮಿಗೆ ಕೂತವನು ಜ್ಯಾಕ್ ಸ್ಟಾರ್ಕಿ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಅವನ ತಂದೆ. ಮೂನ್ ಅವನ ಧರ್ಮಪಿತ, ಹುಡುಗನಿಗೆ ಡ್ರಮ್ ಸೆಟ್ ಉಡುಗೊರೆ ಕೊಟ್ಟವನು. ಇಷ್ಟು ಹೇಳಿದ ಕೂಡಲೇ ವಂಶವಾಹಿ, ವಿಧಿ ಎಂದೆಲ್ಲ ಬರೆಯಲು ಪತ್ರಿಕೆಗಳಿಗೆ ಆಸೆಯಾಗುವುದು ಸಹಜ. ಅದನ್ನು ಪಕ್ಕಕ್ಕಿಟ್ಟು ಬರೀ ಕಿವಿಯಿಂದ ಕೇಳಿದರೆ ಬೇರೊಂದು ಸಂಗತಿ ಕಾಣುತ್ತದೆ. ಸ್ಟಾರ್ಕಿ ಮೂನ್‌ನ ಪೆಟ್ಟುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಲಿಲ್ಲ. ಅವನು ಕಲಿತದ್ದು ಮೂನ್ ಯಾವುದಕ್ಕೆ ಕಿವಿ ಕೊಡುತ್ತಿದ್ದ ಎಂಬುದನ್ನು. ಸಾಲಿನ ಕೊನೆಯ ಸಂದಿಗೆ ಸ್ಟಾರ್ಕಿಯೂ ನುಗ್ಗುತ್ತಾನೆ. ಹೇಳುವ ಮಾತು ಮಾತ್ರ ಅವನದೇ, ಇನ್ನೂ ಗಟ್ಟಿಯಾದದ್ದು, ತುಸು ಭಾರದ್ದು. ಮೂನ್ ತೇಲಿಸುತ್ತಿದ್ದ ಕಡೆ ಇವನು ಊರಿ ಹೊಡೆಯುತ್ತಾನೆ. ಸ್ನೇರಿನ ಪೆಟ್ಟು ಕಂಬದಂತೆ ನಿಂತಿರುತ್ತದೆ, ಅದರ ಸುತ್ತ ಉಳಿದ ಡ್ರಮ್ಮುಗಳು ಸುರಿಯುತ್ತವೆ. ಇದರ ಪರಿಣಾಮ ಟೌನ್‌ಶೆಂಡ್‌ನ ಮೇಲೆ ಕಾಣುತ್ತದೆ. 2000ದ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಾರ್ಯಕ್ರಮ ಕೇಳಿ. ಐವತ್ತೈದು ದಾಟಿದ ಮನುಷ್ಯ ಮತ್ತೆ ಎಲೆಕ್ಟ್ರಿಕ್ ಗಿಟಾರನ್ನು ಹೊಡೆಯುತ್ತಿದ್ದಾನೆ, ಹಿಂದಿನಿಂದ ಯಾರೋ ದಬ್ಬುತ್ತಿದ್ದಾರೆ ಎಂಬುದು ಅವನ ಕೈಯಲ್ಲೇ ಕೇಳಿಸುತ್ತದೆ.

ಇನ್ನೊಂದು ಹೊಡೆತ ಕಾದಿತ್ತು. 2002ರ ಜೂನ್ 27ರಂದು, ಅಮೆರಿಕ ಪ್ರವಾಸ ಶುರುವಾಗಲು ಒಂದೇ ದಿನ ಇರುವಾಗ, ಲಾಸ್ ವೇಗಸ್‌ನ ಹೋಟೆಲಿನಲ್ಲಿ ಎಂಟ್‌ವಿಸಲ್ ತೀರಿಕೊಂಡ. ಜುಲೈ 1ರಂದು ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್‌ನಲ್ಲಿ ವೇದಿಕೆಯ ಅದೇ ಬದಿಯಲ್ಲಿ ಪೀನೋ ಪಲಾಡಿನೋ ನಿಂತಿದ್ದ. ವೇಲ್ಸ್ ನಾಡಿನವನು. ಮೆಟ್ಟಿಲಿಲ್ಲದ ಫ್ರೆಟ್‌ಲೆಸ್ ಬೇಸ್‌ನ ಮೃದು ನಾದಕ್ಕೆ 1980ರ ದಶಕದಲ್ಲಿ ಹೆಸರಾದವನು. ಆಮೇಲೆ ಗಾಯಕ ಡಿ’ಆಂಜೆಲೊನ ‘ವೂಡೂ’ ಧ್ವನಿಮುದ್ರಿಕೆಯಲ್ಲಿ, ಬೇಕೆಂದೇ ಪೆಟ್ಟಿನ ಹಿಂದೆ ಎಳೆದು ನುಡಿಸಿ ಬೆರಗು ಹುಟ್ಟಿಸಿದವನು. ಎಂಟ್‌ವಿಸಲ್‌ಗೂ ಇವನಿಗೂ ಎತ್ತಣಿಂದೆತ್ತ! ಎಂಟ್‌ವಿಸಲ್‌ನ ಬೇಸ್ ಗುಡುಗೂ ಹೌದು, ಗಾಜು ಒಡೆದಂಥ ಮೇಲುಸ್ವರವೂ ಹೌದು; ಟೈಪ್‌ರೈಟರ್ ಬಡಿದಂತೆ ಬೆರಳುಗಳು ತಂತಿಗೆ ಕುಟ್ಟುತ್ತಿದ್ದವು. ಪಲಾಡಿನೋ ಆ ದಾರಿಗೆ ಹೋಗಲೇ ಇಲ್ಲ. ದುಂಡು ನಾದ ಹಿಡಿದು ಡ್ರಮ್ಮಿನ ಕಡೆಗೆ ವಾಲಿದ. ಅಷ್ಟು ವರ್ಷ ಈ ತಂಡದಲ್ಲಿ ಬೇಸ್ ಮಾಡದೇ ಬಿಟ್ಟ ಕೆಲಸ, ನೆಲ ಹಾಸುವುದು, ಆಗ ಮೊದಲ ಸಲ ಆಯಿತು. ಖಾಲಿಯಾದ ಮೇಲುಸ್ವರದ ಜಾಗವನ್ನು ಟೌನ್‌ಶೆಂಡ್‌ನ ಗಿಟಾರು ತುಂಬಿತು. ಹಾಡು ಅದೇ, ಮನೆಯ ಒಳಗೋಡೆಗಳು ಮಾತ್ರ ಜಾಗ ಬದಲಿಸಿದ್ದವು.

ಒಂದು ಕಡೆ ಮಾತ್ರ ತಂಡ ಬದಲಿಗೆ ಒಪ್ಪಲಿಲ್ಲ. ‘5:15’ ಎಂಬ ಹಾಡಿನಲ್ಲಿ ಎಂಟ್‌ವಿಸಲ್ ಕೊನೆಯ ವರ್ಷಗಳಲ್ಲಿ ಉದ್ದನೆಯ ಸೋಲೋ ನುಡಿಸುತ್ತಿದ್ದ. 2012–13ರ ‘ಕ್ವಾಡ್ರೊಫೀನಿಯಾ’ ಪ್ರವಾಸದಲ್ಲಿ ಆ ಜಾಗ ಬಂದಾಗ ದೊಡ್ಡ ಪರದೆಯ ಮೇಲೆ ಎಂಟ್‌ವಿಸಲ್‌ನ ಹಳೆಯ ಚಿತ್ರಿಕೆಯನ್ನೇ ಹಾಕಿದರು. ಸತ್ತು ಹತ್ತು ವರ್ಷವಾದವನು ನುಡಿಸುತ್ತಿದ್ದಾನೆ, ಕೆಳಗೆ ಸ್ಟಾರ್ಕಿ ಜೀವಂತವಾಗಿ ಅವನಿಗೆ ಪಕ್ಕವಾದ್ಯ ಕೊಡುತ್ತಿದ್ದಾನೆ. ಇನ್ನೊಂದು ಹಾಡಿನಲ್ಲಿ ಮೂನ್‌ನ ಹಾಡುವಿಕೆಯನ್ನೂ ಹೀಗೆಯೇ ಪರದೆಯಿಂದ ತಂದರು. ಕೆಲವರಿಗೆ ಇದು ಭಾವುಕತೆಯ ಅತಿ ಎನಿಸಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಡಿನಲ್ಲಿ ಯಾವ ಭಾಗವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಯಾವುದನ್ನು ಕೊಡಲಾಗದು ಎಂದು ತಂಡವೇ ಗೆರೆ ಎಳೆದು ತೋರಿಸಿದ ಹಾಗಾಯಿತು.

ಬೆಂಗಳೂರಿನವರಿಗೆ ಇಂಥ ಬದಲಿ ವಾದನವನ್ನು ಎದುರಿಗೇ ಕೇಳುವ ಅವಕಾಶ ಸಿಕ್ಕಿತ್ತು. 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದಾಗ ಬೇಸ್ ನುಡಿಸಿದವನು ಬಿಲ್ ವೈಮನ್ ಅಲ್ಲ, ಡ್ಯಾರಿಲ್ ಜೋನ್ಸ್. ವೈಮನ್ ಬಿಟ್ಟು ಹತ್ತು ವರ್ಷವಾಗಿತ್ತು. ಡ್ಯಾರಿಲ್ ಅದಕ್ಕೂ ಮೊದಲು ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವನು. ಅವನನ್ನು ಆರಿಸುವ ಮಾತು ಬಂದಾಗ ತಂಡದ ಹಾಡುಗಾರ ಜಾಗರ್ ಮತ್ತು ಗಿಟಾರ್ ವಾದಕ ರಿಚರ್ಡ್ಸ್ ಆ ನಿರ್ಧಾರವನ್ನು ಡ್ರಮ್ಮರ್ ಚಾರ್ಲಿ ವಾಟ್ಸ್‌ಗೇ ಬಿಟ್ಟಿದ್ದರು. ಸರಿಯಾದ ಕ್ರಮ. ಬೇಸ್ ವಾದಕ ಬಾಳ್ವೆ ಮಾಡಬೇಕಾದದ್ದು ಡ್ರಮ್ಮರ್ ಜೊತೆ. 2021ರ ಆಗಸ್ಟ್ 24ರಂದು ವಾಟ್ಸ್ ಕೂಡ ಹೋದ. ವಾಟ್ಸ್‌ಗೆ ಒಂದು ಅಭ್ಯಾಸವಿತ್ತು, ಸ್ನೇರಿಗೆ ಹೊಡೆಯುವಾಗ ಹೈಹ್ಯಾಟಿನಿಂದ ಕೈ ಎತ್ತಿಬಿಡುತ್ತಿದ್ದ. ಆ ಕೂದಲೆಳೆಯ ಮೌನದಿಂದಲೇ ಸ್ಟೋನ್ಸ್ ಹಾಡುಗಳಿಗೆ ಆ ತೂಗಾಟ ಬರುತ್ತಿತ್ತು. ಅವನ ಜಾಗಕ್ಕೆ ಬಂದ ಸ್ಟೀವ್ ಜೋರ್ಡನ್ ಹೆಚ್ಚು ತುಂಬಿ ಹೊಡೆಯುವವನು. ಹಾಡು ಚುರುಕಾಗಿದೆ, ಉಡಾಫೆ ಕಡಿಮೆಯಾಗಿದೆ. ನನಗೆ ಆ ಉಡಾಫೆ ಬೇಕಿತ್ತು.

ಬದಲಿಯೇ ಬೇಡ ಎಂದವರೂ ಇದ್ದಾರೆ. 1980ರ ಸೆಪ್ಟೆಂಬರಿನಲ್ಲಿ ಡ್ರಮ್ಮರ್ ಜಾನ್ ಬೋನಮ್ ಸತ್ತ ಮೇಲೆ ಲೆಡ್ ಝೆಪ್ಪೆಲಿನ್ ಅಂಗಡಿ ಮುಚ್ಚಿತು. 1985ರ ಸಂಗೀತ ಕಾರ್ಯಕ್ರಮ ಲೈವ್ ಏಯ್ಡ್‌ನಲ್ಲಿ ಇಬ್ಬರು ಡ್ರಮ್ಮರ್‌ಗಳನ್ನು ಕೂರಿಸಿಕೊಂಡು ಒಂದು ಸಲ ಪ್ರಯತ್ನಿಸಿ ಕೈ ಸುಟ್ಟುಕೊಂಡರು. ಆ ಚಿತ್ರಿಕೆಯನ್ನು ಡಿವಿಡಿಯಲ್ಲಿ ಸೇರಿಸಲೂ ಬಿಡಲಿಲ್ಲ. 2007ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಬೋನಮ್‌ನ ಮಗ ಜೇಸನ್ ಕೂತಾಗ ಮಾತ್ರ ಆ ಹಾಡುಗಳು ಮೈಕೊಡವಿ ಎದ್ದವು, ಅದೂ ಒಂದೇ ರಾತ್ರಿ.

ದಿ ಹೂ ತಂಡದ ಕಥೆ ಇತ್ತೀಚೆಗೆ ಮತ್ತೊಂದು ತಿರುವು ಕಂಡಿತು. 2025ರ ಮಾರ್ಚಿನಲ್ಲಿ ಆಲ್ಬರ್ಟ್ ಹಾಲಿನ ಕಾರ್ಯಕ್ರಮದಲ್ಲಿ ಡ್ರಮ್ಮಿನ ಅಬ್ಬರದಿಂದ ಶ್ರುತಿಯೇ ಕೇಳುತ್ತಿಲ್ಲ ಎಂದು ಡಾಲ್ಟ್ರಿ ವೇದಿಕೆಯ ಮೇಲೇ ಗೊಣಗಿದ. ಏಪ್ರಿಲಿನಲ್ಲಿ ಸ್ಟಾರ್ಕಿಯನ್ನು ತೆಗೆದರು, ಕೆಲವೇ ದಿನಗಳಲ್ಲಿ ಮತ್ತೆ ಸೇರಿಸಿಕೊಂಡರು, ಮೇ ತಿಂಗಳಲ್ಲಿ ಮತ್ತೆ ಬಿಟ್ಟರು. ವಿದಾಯದ ಅಮೆರಿಕ ಪ್ರವಾಸಕ್ಕೆ ಸ್ಕಾಟ್ ಡಿವೌರ್ಸ್ ಬಂದ. ಡಾಲ್ಟ್ರಿಯ ಸ್ವಂತ ತಂಡದಲ್ಲಿ ನುಡಿಸುತ್ತಿದ್ದವನು. 2013ರಲ್ಲಿ ಸ್ಟಾರ್ಕಿಯ ಕೈಗೆ ಪೆಟ್ಟಾದಾಗಲೂ ಆ ಪೀಠದಲ್ಲಿ ಕೂತಿದ್ದವನು. ಸ್ಟಾರ್ಕಿ ಆ ಜಾಗದಲ್ಲಿ ಕೂತದ್ದು ಸುಮಾರು ಮೂವತ್ತು ವರ್ಷ. ಮೂನ್ ಅಲ್ಲಿ ಕೂತದ್ದು ಹದಿನಾಲ್ಕು ವರ್ಷ.

ಆಸಕ್ತಿ ಇರುವವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. 1966ರ ‘ಸಬ್‌ಸ್ಟಿಟ್ಯೂಟ್’ ಹಾಡು ಮೂರು ವೇದಿಕೆಗಳಲ್ಲಿ ಮುದ್ರಿಕೆಯಾಗಿ ಸಿಗುತ್ತದೆ. 1970ರ ‘ಲೈವ್ ಅಟ್ ಲೀಡ್ಸ್’ನಲ್ಲಿ ಮೂನ್ ಇದ್ದಾನೆ. 1982ರ ಪ್ರವಾಸದ ‘ಹೂಸ್ ಲಾಸ್ಟ್’ನಲ್ಲಿ ಕೆನ್ನಿ ಜೋನ್ಸ್. 2000ದ ಆಲ್ಬರ್ಟ್ ಹಾಲ್ ಮುದ್ರಿಕೆಯಲ್ಲಿ ಸ್ಟಾರ್ಕಿ. ಮೂರರಲ್ಲೂ ಡಾಲ್ಟ್ರಿಯೇ ಹಾಡಿದ್ದಾನೆ, ಟೌನ್‌ಶೆಂಡ್‌ನದೇ ಗಿಟಾರು, ಎಂಟ್‌ವಿಸಲ್‌ನದೇ ಬೇಸ್. ಹಾಡೂ ಚಿಕ್ಕದು, ಮೂರನ್ನೂ ಒಂದರ ಹಿಂದೆ ಒಂದರಂತೆ ಕೇಳಲು ಕಾಲು ಗಂಟೆ ಬೇಕಾಗುವುದಿಲ್ಲ. ಡ್ರಮ್ಮಿಗಷ್ಟೇ ಕಿವಿ ಕೊಟ್ಟು ಕೇಳಿ. ಜೋನ್ಸ್ ಬಗ್ಗೆ ನಾನು ಹೇಳಿದ್ದು ಸರಿಯೋ ತಪ್ಪೋ ನೀವೇ ತೀರ್ಮಾನಿಸಿ, ನಮಗೊಂದು ಪತ್ರ ಬರೆಯಿರಿ.